ಡ್ಯೂಟಿ ಡೈರಿ 7: ಕೈಕೋಳ ಹೋಯ್ತು, ಪೌಚ್ ಉಳೀತು

(1/5)

ಹೋದ ವಾರದ ಫೋಟೋದಲ್ಲಿ ನನ್ನ ಬೆಲ್ಟ್ ಮೇಲಿದ್ದ ಕಪ್ಪು ಪೌಚ್ ನೋಡಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದ್ರಿ: "ಮಗಾ, ಅದ್ರಲ್ಲಿ ಹ್ಯಾಂಡ್‌ಕಫ್ ಇದ್ಯಾ?"

ಈಗ ಇಲ್ಲ. ಹನ್ನೊಂದು ದಿನ ಇತ್ತು. ಆ ಕಥೆ ಇವತ್ತು. ಉದ್ದ ಇದೆ, ಮುಂದಿನ ಭಾಗಗಳು ಕೆಳಗೆ ಕಾಮೆಂಟಲ್ಲಿವೆ.

ಹೊಸದಾಗಿ ಫಾಲೋ ಮಾಡಿದವರಿಗೆ: ನಾನು ಮೈಸೂರಲ್ಲಿ ಬಿಕಾಂ ಓದ್ತಿದ್ದೀನಿ. ಶನಿವಾರ, ಭಾನುವಾರ ಮತ್ತೆ ಹಬ್ಬದ ಸೀಸನ್ನಲ್ಲಿ ಒಂದು ಬಟ್ಟೆ ಅಂಗಡೀಲಿ ಸೆಕ್ಯೂರಿಟಿ ಕೆಲಸ ಮಾಡ್ತೀನಿ. ಫೀಸ್ ಅರ್ಧ ಇದರಲ್ಲೇ ಕಟ್ಟೋದು.

ಕಳೆದ ದಸರಾ ಟೈಮಲ್ಲಿ ಅಂಗಡೀಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಒಬ್ಬ ಎರಡು ಸೀರೆ ಶರ್ಟಿನೊಳಗೆ ತುರುಕಿಕೊಂಡು ಹೊರಗೆ ಹೊರಟ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಹವಾಲ್ದಾರ್ ಸರ್, ಮಿಲಿಟರೀಲಿ ಇದ್ದು ರಿಟೈರ್ ಆದವರು. ಅವರು ಅವನ ಕೈ ಹಿಡಿದ್ರು. ಅವನು ಒಂದೇ ಸಲ ಜೋರಾಗಿ ತಳ್ಳಿದ. ಸರ್ ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರೀತು. ಅವನು ಜನರ ಮಧ್ಯೆ ಕರಗಿ ಹೋದ.

ನಾನು ನಾಲ್ಕೇ ಹೆಜ್ಜೆ ದೂರ ಇದ್ದೆ. ಬಾಯಿ ಬಿಟ್ಟುಕೊಂಡು ನಿಂತಿದ್ದೆ, ಅಷ್ಟೆ. ಸರ್‌ಗೆ ಆರು ವಾರ ಪ್ಲಾಸ್ಟರ್. ಡ್ಯೂಟಿಗೆ ಬರದಿದ್ರೆ ಸಂಬಳ ಇಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ನನ್ನ ಹತ್ರ ಒಂದು ಕೈಕೋಳ ಇದ್ದಿದ್ರೆ ಅಂತ ಯೋಚನೆ ಶುರುವಾಗಿದ್ದು ಆಗಲೇ.

(2/5)

ಕಾಸ್ಟ್ ಅಕೌಂಟಿಂಗನ್ನ ಅಷ್ಟು ಶ್ರದ್ಧೆಯಿಂದ ಓದಿಲ್ಲ, ಕೈಕೋಳದ ಬಗ್ಗೆ ಓದಿದೆ. ಕಲಿತಿದ್ದು ಹೇಳ್ತೀನಿ.

ಮುಖ್ಯವಾಗಿ ಎರಡು ಥರ. ಎರಡು ಬಳೆ ಮಧ್ಯೆ ಸರಪಳಿ ಇರೋದು ಒಂದು. ಹಾಕೋದು ಸುಲಭ, ಮಡಚಿ ಇಡೋದೂ ಸುಲಭ. ಸರಪಳಿ ಬದಲು ಬಾಗಿಲ ಕೀಲಿನ ಥರ ಕೀಲು ಇರೋದು ಇನ್ನೊಂದು. ಅದರಲ್ಲಿ ಕೈ ಅಷ್ಟು ತಿರುಗಿಸೋಕೆ ಆಗಲ್ಲ. ಬಿಗಿ ಜಾಸ್ತಿ, ಮೂಳೆಗೆ ಪೆಟ್ಟಾಗೋ ಚಾನ್ಸೂ ಜಾಸ್ತಿ. ಸರಪಳಿಯ ಉಕ್ಕಿನ ಒಂದು ಜೊತೆ ಸುಮಾರು 280, 300 ಗ್ರಾಂ ತೂಗುತ್ತೆ.

ಎಲ್ಲಕ್ಕಿಂತ ಮುಖ್ಯ ಡಬಲ್ ಲಾಕ್. ಕೈಕೋಳದ ಹಲ್ಲುಗಳು ಒಂದೇ ದಿಕ್ಕಿಗೆ ಹೋಗ್ತವೆ, ಬಿಗಿಯಾಗೋ ದಿಕ್ಕಿಗೆ. ಹಾಕಿದ ಮೇಲೆ ಕೀ ತುದಿಯಲ್ಲಿರೋ ಸಣ್ಣ ಮೊಳೆಯಿಂದ ಇನ್ನೊಂದು ಲಾಕ್ ಒತ್ತಬೇಕು. ಆಗ ಅದು ಇದ್ದಲ್ಲೇ ನಿಲ್ಲುತ್ತೆ. ಒತ್ತದಿದ್ರೆ ಆ ಮನುಷ್ಯ ಕೂತರೂ, ಒರಗಿದರೂ ತಾನಾಗೇ ಬಿಗಿಯಾಗ್ತಾ ಹೋಗುತ್ತೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ 1982ರಲ್ಲೇ ಲೋಹದ ಕೈಕೋಳಗಳಿಗೆ ಒಂದು ಮಾನದಂಡ ಮಾಡಿದೆ. ನಾನು ನೋಡಿದ ಅಗ್ಗದ ಮಾಲುಗಳಲ್ಲಿ ಅದರ ಹೆಸರೇ ಇಲ್ಲ. "ಪೊಲೀಸ್ ಕ್ವಾಲಿಟಿ" ಅಂತ ಮಾತ್ರ ದಪ್ಪಕ್ಷರದಲ್ಲಿತ್ತು.

ಪೌಚ್‌ದೂ ಲೆಕ್ಕಾಚಾರ ಇದೆ. ಮೇಲೆ ಮುಚ್ಚಳ ಇಲ್ಲದ ಪೌಚಿಂದ ಬೇಗ ತೆಗೀಬಹುದು, ಆದ್ರೆ ಓಡುವಾಗ ಬೀಳುತ್ತೆ, ಬೇರೆಯವರೂ ಕಿತ್ಕೋಬಹುದು. ಮುಚ್ಚಳ ಇರೋದು ವಾಸಿ, ಅದರ ಬಟನ್ ಒಂದೇ ಕೈಲಿ ಬಿಚ್ಚೋಕೆ ಬರಬೇಕು. ಹಿಂದಿನ ಪಟ್ಟಿ ನಿಮ್ಮ ಬೆಲ್ಟಿನ ಅಗಲಕ್ಕೆ ಸರಿಯಾಗಿರಬೇಕು, ಇಲ್ಲಾಂದ್ರೆ ನಡೆದಂಗೆಲ್ಲ ಓಲಾಡುತ್ತೆ. ಬೆನ್ನುಮೂಳೆ ಮೇಲೆ ಬರೋ ಹಾಗೆ ಮಾತ್ರ ಕಟ್ಟಬೇಡಿ. ಹಿಂದಕ್ಕೆ ಬಿದ್ರೆ ಆ ಕಬ್ಬಿಣ ಚುಚ್ಚೋದು ನಿಮ್ಮ ಬೆನ್ನಿಗೇ.

ಇಷ್ಟೆಲ್ಲ ತಿಳ್ಕೊಂಡು ನಾನು ತಗೊಂಡಿದ್ದು ಏನು? ಪೌಚ್ ಸೇರಿ 650 ರೂಪಾಯಿಯ ಒಂದು ಜೊತೆ. ಬಜೆಟ್ ಇದ್ದಿದ್ದೇ ಅಷ್ಟು.

(3/5)

ಬಂದ ಹತ್ತನೇ ದಿನ ರೂಮಲ್ಲಿ ರೂಮ್‌ಮೇಟ್ ಮೇಲೆ ಪ್ರಾಕ್ಟೀಸ್. ಅವನೇ ನಗ್ತಾ ಕೈ ಕೊಟ್ಟ. ಹಾಕಿದೆ. ರೀಲ್ ಮಾಡೋಣ ಅಂತ ಫೋನ್ ಹುಡುಕ್ತಿದ್ದೆ. ಅವನು ಕೈ ಹಿಂದೆ ಇಟ್ಟುಕೊಂಡೇ ಮಂಚದ ಮೇಲೆ ದೊಪ್ಪಂತ ಕೂತ.

ಕರ್ರ್ ಅಂತ ಶಬ್ದ ಬಂತು.

ಡಬಲ್ ಲಾಕ್ ಒತ್ತಿರ್ಲಿಲ್ಲ. ಅಷ್ಟು ಓದಿದ ನಾನು, ಯಾರೂ ಓಡಿಸದ, ಯಾರೂ ಬೈಯದ ಆ ಚಿಕ್ಕ ರೂಮಲ್ಲೇ ಮರೆತಿದ್ದೆ. ಗಾಬರಿಯಿಂದ ಕೀ ತಿರುಗಿಸಿದೆ. ಅಗ್ಗದ ಕೀ, ಒಳಗೇ ಮುರೀತು. "ಮಗಾ, ಬೇಗ ತೆಗಿಯೋ, ಕೈ ಜುಮ್ ಅಂತಿದೆ" ಅಂದ ಅವನು. ನಗು ಅಷ್ಟೊತ್ತಿಗೆ ಇಬ್ಬರ ಮುಖದಲ್ಲೂ ಇರ್ಲಿಲ್ಲ.

ಅವನ ಕೈಗಳ ಮೇಲೆ ಟವೆಲ್ ಹೊದಿಸಿ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ನಡೆಸಿಕೊಂಡು ಹೋದೆ. ದಾರೀಲಿ ಜನ ನೋಡ್ತಿದ್ರು. ಟವೆಲ್ ಜಾರಿದಾಗ ಒಬ್ಬ ಅಜ್ಜಿ ಮಗುವನ್ನ ಹತ್ರ ಎಳ್ಕೊಂಡ್ರು. ಅವನು ತಲೆ ಎತ್ತಲಿಲ್ಲ. ಏನೂ ತಪ್ಪು ಮಾಡದ ಹುಡುಗ, ತಲೆ ಬಗ್ಗಿಸಿಕೊಂಡೇ ನಡೆದ.

ಅಂಗಡಿಯಣ್ಣ ಮಣಿಕಟ್ಟಿಗೂ ಉಕ್ಕಿಗೂ ಮಧ್ಯೆ ತಗಡಿನ ಪಟ್ಟಿ ತೂರಿಸಿ ಗರಗಸದ ಬ್ಲೇಡಲ್ಲಿ ಕೊಯ್ದ. ಮುಕ್ಕಾಲು ಗಂಟೆ. 200 ರೂಪಾಯಿ. ಬೈಗುಳ ಫ್ರೀ.

ಬಲಗೈ ಹೆಬ್ಬೆರಳಿನ ಹಿಂಭಾಗ ಅವನಿಗೆ ಮರಗಟ್ಟಿ ಹೋಗಿತ್ತು. ಮಣಿಕಟ್ಟಿನ ಆ ಪಕ್ಕದಲ್ಲಿ ಚರ್ಮದ ಕೆಳಗೇ ಒಂದು ನರ ಹೋಗುತ್ತಂತೆ, ಬಿಗಿ ಕೈಕೋಳ ಅದನ್ನೇ ಅದುಮೋದು ಅಂದ್ರು ಡಾಕ್ಟರ್. ಸರಿಹೋಗೋಕೆ ಮೂರು ವಾರ ಬೇಕಾಯ್ತು. ಮಧ್ಯದಲ್ಲಿ ಇಂಟರ್ನಲ್ಸ್. ಪೆನ್ ಹಿಡಿಯೋಕೆ ಕಷ್ಟ ಆಗಿ ಒಂದು ಪೇಪರ್ ಅರ್ಧಕ್ಕೇ ಕೊಟ್ಟು ಬಂದ. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಗಿದ್ದು.

(4/5)

ಮಾರನೇ ದಿನ, ಅಂದ್ರೆ ಹನ್ನೊಂದನೇ ದಿನ, ಒಂದು ಡಜನ್ ಬಾಳೆಹಣ್ಣು ತಗೊಂಡು ಹವಾಲ್ದಾರ್ ಸರ್ ಮನೆಗೆ ಹೋದೆ. ಕೊಯ್ದ ತುಂಡುಗಳು ಪೌಚಲ್ಲೇ ಇದ್ವು. ಎಲ್ಲ ಹೇಳಿದೆ. ನಿಮಗಾಗಿದ್ದು ಇನ್ನೊಬ್ಬರಿಗೆ ಆಗಬಾರದು ಅಂತ ತಗೊಂಡೆ ಸರ್ ಅಂದೆ.

ಅವರು ಪ್ಲಾಸ್ಟರ್ ಕೈಯನ್ನ ದಿಂಬಿನ ಮೇಲೆ ಸರಿಮಾಡಿಕೊಂಡು ಕೇಳಿದ್ರು. "ಬೇಡಿ ಹಾಕ್ಬೇಕಾದ್ರೆ ಮೊದ್ಲು ಅವನ ಎರಡೂ ಕೈ ನಿನ್ನ ಹಿಡಿತದಲ್ಲಿರ್ಬೇಕು ಮರಿ. ಒಂದು ಕೈ ಹಿಡಿದಿದ್ದಕ್ಕೇ ನನಗೆ ಹಿಂಗಾಯ್ತು. ಎರಡು ಕೈ ಹಿಡಿಯೋಷ್ಟು ಶಕ್ತಿ ಇದ್ರೆ ಬೇಡಿ ಯಾಕೆ? ಇಲ್ದಿದ್ರೆ ಬೇಡಿ ಯಾಕೆ?"

ಆಮೇಲೆ ಅಂದ್ರು, "ಹಾಕೋಕೆ ನೀನ್ಯಾರು?"

ಆ ಎರಡನೇ ಪ್ರಶ್ನೆ ತಲೇಲಿ ಉಳೀತು. ಲಾ ಓದ್ತಿರೋ ಗೆಳತಿಯನ್ನ ಕೇಳಿದೆ. ಅವಳು ಒಂದೊಂದೇ ತೋರಿಸಿದಳು.

ಪೊಲೀಸರಿಗೇ ಬೇಕಾದ ಹಾಗೆ ಕೈಕೋಳ ಹಾಕೋ ಹಕ್ಕಿಲ್ಲ. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ. ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಚೆಕ್ ಬೌನ್ಸ್ ಕೇಸಲ್ಲಿ ಬಂಧಿಸಿ ಕೈಕೋಳ ಹಾಕಿದ್ದಕ್ಕೆ ಒಬ್ಬ ಕಾನೂನು ವಿದ್ಯಾರ್ಥಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. (ಬಿಸಿನೆಸ್ ಲಾದಲ್ಲಿ ನಾವು ಓದೋ ಅದೇ ಚೆಕ್ ಬೌನ್ಸ್!) 2024ರ ಜುಲೈ 1ರಿಂದ ಬಂದಿರೋ ಹೊಸ ಕಾನೂನಿನ 43ನೇ ಸೆಕ್ಷನ್ನಲ್ಲಿ ಕೈಕೋಳಕ್ಕೆ ಅವಕಾಶ ಇದೆ. ಅದೂ ಪೊಲೀಸರಿಗೆ, ಕೊಲೆ, ಭಯೋತ್ಪಾದನೆ, ತಪ್ಪಿಸಿಕೊಂಡು ಹೋದವರು, ಪದೇ ಪದೇ ಅಪರಾಧ ಮಾಡುವವರು, ಇಂಥ ಪಟ್ಟಿಯಲ್ಲಿರೋರಿಗೆ.

ಗಾರ್ಡ್ ಅಂದ್ರೆ ಕಾನೂನಿನ ಕಣ್ಣಲ್ಲಿ ಒಬ್ಬ ಸಾಮಾನ್ಯ ನಾಗರಿಕ, ನೀವು ನಾನು ಇದ್ದ ಹಾಗೆ. ಕಣ್ಣೆದುರೇ ಜಾಮೀನು ಸಿಗದ ಗಂಭೀರ ಅಪರಾಧ ನಡೆದ್ರೆ ಹಿಡಿದು ನಿಲ್ಲಿಸಬಹುದು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲನ್ನ ಮೊದಲ ಸಲ ಕದ್ದು ವಾಪಸ್ ಕೊಟ್ಟವರಿಗಂತೂ ಹೊಸ ಕಾನೂನಲ್ಲಿ ಶಿಕ್ಷೆ ಸಮುದಾಯ ಸೇವೆ. ಅದು ಜಾಮೀನು ಸಿಗೋ ಕೇಸು. ಅಂಥವರ ಕೈಗೆ ನಾನು 650 ರೂಪಾಯಿಯ ಉಕ್ಕು ಹಾಕಿ ಕೂರಿಸಿದ್ರೆ ಅಕ್ರಮ ಬಂಧನ ಅಂತ ನನ್ನ ಮೇಲೇ ಕೇಸು. ಒಂದು ವರ್ಷದವರೆಗೆ ಜೈಲು. ಏಜೆನ್ಸಿ ಬಂದು ಬಿಡಿಸುತ್ತೆ ಅಂದ್ಕೊಂಡಿದ್ದೀರಾ?

ಇನ್ನೊಂದು ಲೆಕ್ಕ. ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳಿಗೆ 2005ರ ಕಾಯ್ದೆ ಇದೆ. ಅದರ ಕೇಂದ್ರದ ಮಾದರಿ ನಿಯಮಗಳಲ್ಲಿ ಗಾರ್ಡ್‌ಗೆ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡ್ ಟ್ರೈನಿಂಗ್ ಅಂತಿದೆ. ನನಗೆ ಸಿಕ್ಕಿದ್ದು ಒಂದು ಬೆಳಿಗ್ಗೆ, ಒಂದು ಕ್ಯಾಪು, ಒಂದು ಟೀ.

(5/5)

ಸಂಕ್ರಾಂತಿ ಸೇಲಲ್ಲಿ ಮತ್ತೆ ಆಯ್ತು. ಒಬ್ಬ ಹೆಂಗಸು, ಬ್ಯಾಗಲ್ಲಿ ಒಂದು ಮಗುವಿನ ಫ್ರಾಕು. ಟ್ಯಾಗಲ್ಲಿ 480 ರೂಪಾಯಿ.

ನನ್ನ ಕೈ ಅಭ್ಯಾಸಬಲದಿಂದ ಪೌಚ್ ಮೇಲೆ ಹೋಯ್ತು. ಈಗ ಅದರಲ್ಲಿರೋದು ಸಣ್ಣ ಟಾರ್ಚು, ವಿಷಲ್, ಚಿಕ್ಕ ನೋಟ್‌ಬುಕ್ಕು, ಪೆನ್ನು. ಮುಟ್ಟಲಿಲ್ಲ. "ಅಕ್ಕಾ, ಒಂದ್ನಿಮಿಷ ಬನ್ನಿ" ಅಂದೆ. ಕೌಂಟರಿನ ಮೇಡಂ ಒಬ್ಬರು ಜೊತೆಗೆ ಬಂದ್ರು. ಕುರ್ಚಿ ಹಾಕಿ ಕೂರಿಸಿದ್ವಿ. ಟೈಮ್, ಜಾಗ, ಏನು ನೋಡಿದೆ ಅನ್ನೋದನ್ನ ಬರ್ಕೊಂಡೆ. ಕ್ಯಾಮೆರಾ ನಂಬರೂ ಬರೆದೆ. 112ಗೆ ಫೋನ್ ಮಾಡ್ಲಾ ಅಂತ ಮ್ಯಾನೇಜರ್‌ನ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಫ್ರಾಕ್ ವಾಪಸ್ ತಗೊಂಡು ಕಳಿಸಿಬಿಟ್ರು. ಅದು ಸರಿಯೋ ತಪ್ಪೋ ಮ್ಯಾನೇಜರ್‌ಗೆ ಬಿಟ್ಟಿದ್ದು. ಹೋಗುವಾಗ ಆಕೆ ತಲೆ ಬಗ್ಗಿಸಿಕೊಂಡೇ ಹೋದ್ರು. ನನಗೆ ಟವೆಲ್ ಹೊದ್ದು ನಡೆದ ನನ್ನ ರೂಮ್‌ಮೇಟ್ ನೆನಪಾದ.

ಹವಾಲ್ದಾರ್ ಸರ್ ಅಷ್ಟೊತ್ತಿಗೆ ಡ್ಯೂಟಿಗೆ ವಾಪಸ್ ಬಂದಿದ್ರು. ಮೆಟ್ಟಿಲ ಹತ್ರ ನಿಂತು ಎಲ್ಲ ನೋಡ್ತಿದ್ರು. ಏನೂ ಅನ್ನಲಿಲ್ಲ. ಸಂಜೆ ಟೀಗೆ ದುಡ್ಡು ಅವರೇ ಕೊಟ್ರು.

ಪಾರ್ಟ್‌ಟೈಮ್ ಸೆಕ್ಯೂರಿಟಿ, ಬೌನ್ಸರ್, ಇವೆಂಟ್ ಕೆಲಸಕ್ಕೆ ಹೋಗ್ತಿರೋ ಗೆಳೆಯರೇ, ಒಳ್ಳೇ ಪೌಚ್ ಖಂಡಿತ ತಗೊಳ್ಳಿ. ಮುಚ್ಚಳ ಇರೋದು, ಬೆಲ್ಟಿಗೆ ಸರಿಯಾಗಿ ಕೂರೋದು. ಕೈಕೋಳ ಇಟ್ಕೋ ಅಂತ ಯಾರಾದ್ರೂ ಹೇಳಿದ್ರೆ, ಆ ಮಾತನ್ನ ಬರವಣಿಗೇಲಿ ಕೊಡಿ ಸರ್ ಅಂತ ಕೇಳಿ. ಕೊಡಲ್ಲ ನೋಡಿ.

ರೂಮ್‌ಮೇಟ್ ಇದನ್ನ ಪೋಸ್ಟ್ ಮಾಡೋ ಮೊದಲು ಓದಿದ. ಹೆಬ್ಬೆರಳು ಎತ್ತಿ ತೋರಿಸಿದ. ಬಲಗೈದೇ.

ನಿಮ್ಮ ಡ್ಯೂಟೀಲಿ ಇಂಥದ್ದೇನಾದ್ರೂ ಆಗಿದ್ರೆ ಕಾಮೆಂಟಲ್ಲಿ ಬರೀರಿ. ಅಂಗಡಿ ಹೆಸರು ಬೇಡ. ಮುಂದಿನ ಭಾನುವಾರ: ಹನ್ನೆರಡು ಗಂಟೆ ನಿಲ್ಲೋಕೆ ಯಾವ ಶೂ?

#ಡ್ಯೂಟಿಡೈರಿ #ಮೈಸೂರು #ಬಿಕಾಂಲೈಫ್