ಹೆರಾಲ್ಡಿಗೆ ಹೊಸ ಟಯರು

ಕಾರಿನ ವಿಷಯದಲ್ಲಿ ನನ್ನನ್ನು ಯಾರಾದರೂ ಸಲಹೆ ಕೇಳುವರೆಂದು ನಾನು ಎಣಿಸಿದವನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಬೋಧಿಸಿದೆ. ಸ್ವಂತಕ್ಕೆ ಮೊದಲು ಸೈಕಲ್ಲು, ಆಮೇಲೊಂದು ಸ್ಕೂಟರು, ಅಷ್ಟೇ. ಆದರೂ ಕಳೆದ ಮಳೆಗಾಲಕ್ಕೆ ಮುಂಚೆ, ಬಸವೇಶ್ವರನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನನ್ನೂ ಕರೆದುಕೊಂಡು ಬಂದು, "ಸಾರ್, ನೀವೇ ತೀರ್ಮಾನ ಹೇಳಬೇಕು, ಇವನು ನನ್ನ ಮಾತು ಕೇಳುವುದಿಲ್ಲ" ಎಂದ. ವಿವಾದದ ವಸ್ತು, ಅವನ ತಂದೆ 1960ರ ದಶಕದಲ್ಲಿ ಕೊಂಡಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಟಯರು.

ಈಗಿನ ಮಕ್ಕಳಿಗೆ ಹೆರಾಲ್ಡ್ ಎಂದರೆ ತಿಳಿಯದು. ಅಂಬಾಸಿಡರ್, ಫಿಯೆಟ್ ಎಂಬ ಎರಡು ಗಜಗಳ ನಡುವೆ ಜಿಂಕೆಯಂತೆ ಓಡಾಡುತ್ತಿದ್ದ ಮೂರನೆಯ ಕಾರು ಅದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನೇ 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ಸ್ ಇಲ್ಲಿ ತಯಾರಿಸಿತು. ಆಕಾರ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೋಟಿ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಂಡರೆ ಎಂಜಿನ್ನೂ ಮುಂಗಾಲಿಗಳೂ ಪಾಠದ ಮಾದರಿಯಂತೆ ಕಣ್ಣೆದುರು ನಿಲ್ಲುತ್ತಿದ್ದವು. ಇಪ್ಪತ್ತೈದು ಅಡಿ ವ್ಯಾಸದಲ್ಲಿ ಒಂದು ಸುತ್ತು ತಿರುಗಿಬಿಡುತ್ತಿತ್ತು. ರಾಜಾಜಿನಗರದ ಅಡ್ಡರಸ್ತೆಗಳಿಗೆ ಹೇಳಿ ಮಾಡಿಸಿದ ಗುಣ. ಇದೇ ಕಾರಿನ ಚಾಸಿಯನ್ನು ಮೊಟಕುಗೊಳಿಸಿ ಟ್ರಯಂಫ್ ಕಂಪನಿಯವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರು ಮಾಡಿದರು.

ಮಗನ ವಾದವೆಲ್ಲ ನಿಂತಿದ್ದುದು ಈ ಕೊನೆಯ ಸಂಗತಿಯ ಮೇಲೆ. "ತಾತ, ಇದು ಸ್ಪಿಟ್‌ಫೈರ್ ವಂಶದ್ದು. ಸೈಕಲ್ ಟಯರಿನಂಥ ಟಯರು ಹಾಕಿ ಅವಮಾನ ಮಾಡಬಾರದು" ಎಂದ. ಹೊಸ ಅಲಾಯ್ ಚಕ್ರಕ್ಕೆ 185/60 ಆರ್13 ಅಳತೆಯ, ಮೆದು ರಬ್ಬರಿನ, ರಸ್ತೆಗೆ ಅಂಟಿಕೊಂಡು ಓಡುವ ಪರ್ಫಾರ್ಮೆನ್ಸ್ ಟಯರು ಹಾಕಬೇಕೆಂಬುದು ಅವನ ಹಟ. ಅಂಟು ಹೆಚ್ಚಿದ್ದರೆ ಸುರಕ್ಷತೆಯೂ ಹೆಚ್ಚಲ್ಲವೇ ಎಂಬ ಅವನ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾದದ್ದೇ. ತಂದೆಯದು ಇನ್ನೊಂದು ತುದಿ. ತನ್ನಪ್ಪನ ಕಾಲದಲ್ಲಿ ಇದ್ದಂಥದೇ 5.20-13 ಅಳತೆಯ ಕ್ರಾಸ್‌ಪ್ಲೈ ಟಯರೇ ಬೇಕು, ಇಲ್ಲವಾದರೆ ಕಾರಿನ ಮುಖವೇ ಕೆಡುತ್ತದೆ ಎಂದು ಅವನು. ಇವರಿಬ್ಬರ ನಡುವೆ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಗಂಡ ಕೊಂಡ ಕಾರಿನಲ್ಲಿ ಇನ್ನೊಮ್ಮೆ ಮಾಗಡಿ ರಂಗನಾಥಸ್ವಾಮಿಯ ದರ್ಶನಕ್ಕೆ ಹೋಗಿಬರಬೇಕೆಂಬುದು ಅವರ ಆಸೆ. ದಿನವೂ ನಿಗದಿಯಾಗಿತ್ತು.

ಮೊದಲು ಕಾರಿನಲ್ಲಿದ್ದ ಟಯರುಗಳನ್ನು ನೋಡಿದೆ. ಗೆರೆಗಳು ಆಳವಾಗಿಯೇ ಇದ್ದವು. ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಎಷ್ಟೋ ಹೆಚ್ಚು. ಮಾಗಡಿ ರಸ್ತೆಯ ಪಂಕ್ಚರ್ ಅಂಗಡಿಯವನಂತೂ "ಬಟನ್ ಚೆನ್ನಾಗಿದೆ, ಯಾಕೆ ಸುಮ್ಮನೆ ಖರ್ಚು" ಎಂದಿದ್ದನಂತೆ. ಆದರೆ ಪಕ್ಕದ ಗೋಡೆಯಲ್ಲಿ, ಬೇಸಿಗೆಯ ಕೆರೆಯಂಗಳದಂತೆ, ಸಣ್ಣ ಬಿರುಕುಗಳು ಎದ್ದಿದ್ದವು. ಉಗುರು ಒತ್ತಿದರೆ ಗುರುತೇ ಮೂಡದಷ್ಟು ರಬ್ಬರು ಕಲ್ಲಾಗಿತ್ತು. ರಬ್ಬರು ಓಡಿದರೆ ಮಾತ್ರ ಸವೆಯುವ ಪದಾರ್ಥವಲ್ಲ. ಷೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಗಾಳಿಯ ಆಮ್ಲಜನಕ ಅದನ್ನು ಒಳಗಿನಿಂದ ಮುದಿಯಾಗಿಸುತ್ತದೆ.

ತಂದೆಯ ಆಸೆಯಂತೆ ಜೆ.ಸಿ. ರಸ್ತೆಯಲ್ಲಿ ಹುಡುಕಿದಾಗ ಒಂದು ಕಡೆ ಹೊರದೇಶದ 5.20-13 ಟಯರುಗಳು ಸಿಕ್ಕವು. ಕಾಗದದ ಪಟ್ಟಿ ಕೂಡ ಬಿಚ್ಚಿರಲಿಲ್ಲ. ಬೆಲೆ ಕೇಳಿದರೆ ಎದೆ ಹಾರುವಂತಿತ್ತು. ಅವುಗಳ ಪಕ್ಕೆಯ ಛಾಯಾಚಿತ್ರ ತೆಗೆದು ಕಳಿಸು ಎಂದೆ. ಟಯರಿನ ಮೈಮೇಲೆ ಡಿ.ಓ.ಟಿ. ಎಂಬ ಅಕ್ಷರಗಳ ಸಾಲಿನ ತುದಿಯಲ್ಲಿ ಅಂಕಿಗಳಿರುತ್ತವೆ. 2000ನೇ ಇಸವಿಯಿಂದ ಈಚೆಗೆ ಅವು ನಾಲ್ಕು: ಮೊದಲೆರಡು ವಾರ, ಉಳಿದೆರಡು ವರ್ಷ. 2324 ಎಂದಿದ್ದರೆ 2024ರ ಇಪ್ಪತ್ತಮೂರನೇ ವಾರದಲ್ಲಿ ಹುಟ್ಟಿದ್ದು. ಚಿತ್ರದಲ್ಲಿದ್ದ ಅಂಕಿಗಳು ಮೂರೇ! ಅಂದರೆ ಆ 'ಹೊಚ್ಚ ಹೊಸ' ಟಯರುಗಳು ಹುಡುಗನಿಗಿಂತಲೂ ವಯಸ್ಸಿನಲ್ಲಿ ದೊಡ್ಡವು. ತಾಜಾ ಮಾಲನ್ನು ಹೊರದೇಶದಿಂದ ತರಿಸೋಣವೆಂದರೆ, 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ನಾಲ್ಕೈದು ಟಯರಿಗಾಗಿ ಪರವಾನಗಿಯ ಬೆನ್ನು ಹತ್ತುವವರು ಯಾರು?

ಇರಲಿ, ಮಗನ ಪ್ರಶ್ನೆಗೆ ಬರುತ್ತೇನೆ. ಅದೇ ಕಠಿಣವಾದದ್ದು.

ಹೆರಾಲ್ಡಿನ ಹಿಂಗಾಲಿಗಳ ವ್ಯವಸ್ಥೆಗೆ ಸ್ವಿಂಗ್ ಆಕ್ಸಲ್ ಎಂದು ಹೆಸರು. ಒಂದೇ ಅಖಂಡ ಅಚ್ಚಿನ ಬದಲು ಎರಡು ಅರ್ಧ ಅಚ್ಚುಗಳು. ಅವು ನಡುವಿನ ಗೇರುಪೆಟ್ಟಿಗೆಯ ಬಳಿ ಮಾತ್ರ ಕೀಲಿನಿಂದ ಬಾಗುತ್ತವೆ. ಹಕ್ಕಿಯ ರೆಕ್ಕೆಗಳನ್ನು ನೆನೆಸಿಕೊಳ್ಳಿ. ಮೈ ಮೇಲೆದ್ದರೆ ರೆಕ್ಕೆಯ ತುದಿಗಳು ಕೆಳಕ್ಕೆ ಬಾಗಿ ಒಳಕ್ಕೆ ಸರಿಯುತ್ತವೆ. ತಿರುವಿನಲ್ಲಿ ಕಾರು ವೇಗವಾಗಿ ಹೊರಳಿದಾಗ ಹೊರಗಿನ ಹಿಂಗಾಲಿಯನ್ನು ರಸ್ತೆ ಒಳಮುಖವಾಗಿ ತಳ್ಳುತ್ತದೆ. ಆ ಬಲ ನೆಲಮಟ್ಟದಲ್ಲಿ, ಕೀಲು ಅದಕ್ಕಿಂತ ಮೇಲೆ. ಹೀಗಾಗಿ ಬಲದ ಒಂದು ಪಾಲು ಕಾರಿನ ಹಿಂಭಾಗವನ್ನು ಜಾಕಿನಂತೆ ಮೇಲಕ್ಕೆತ್ತುತ್ತದೆ. ಮೈ ಎದ್ದಷ್ಟೂ ಗಾಲಿ ಹೊಟ್ಟೆಯಡಿಗೆ ಮಡಚುತ್ತದೆ, ನೆಲದ ಮೇಲಿನ ಹಿಡಿತ ಕುಗ್ಗುತ್ತದೆ, ಹಿಂಭಾಗ ಒಮ್ಮೆಗೇ ಜಾರಿ ಹೊರಕ್ಕೆ ಬೀಸುತ್ತದೆ. ಗಾಬರಿಯಲ್ಲಿ ಚಾಲಕ ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇದು ಇನ್ನೂ ಬೇಗ ಆಗುತ್ತದೆ.

ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಬಾಣದ ಗುರುತುಗಳೊಡನೆ ಇದನ್ನು ಬರೆದು ತೋರಿಸಿದೆ. "ಈಗ ಹೇಳು, ಈ ಎತ್ತುವ ಬಲ ಯಾವುದರಿಂದ ಬಂತು?" ಹುಡುಗ ಸ್ವಲ್ಪ ಹೊತ್ತು ನೋಡಿ, "ಟಯರು ರಸ್ತೆಯನ್ನು ಹಿಡಿಯುವುದರಿಂದ" ಎಂದ. "ಹಿಡಿತ ಜಾಸ್ತಿಯಾದರೆ?" ಅವನು ಉತ್ತರಿಸಲಿಲ್ಲ, ಆದರೆ ಅರ್ಥವಾಗಿತ್ತು. ಸಪೂರವಾದ ಹಳೆಯ ಟಯರು ಆ ಹಂತ ಮುಟ್ಟುವ ಮುಂಚೆಯೇ ಕೀರಲು ದನಿಯಲ್ಲಿ ಕೂಗಿ ಮೆಲ್ಲನೆ ಜಾರಿ ಎಚ್ಚರಿಸುತ್ತದೆ. ಅಂಟು ಟಯರು ಜಾರದೆ ಹಿಡಿದುಕೊಂಡು ಕಾರನ್ನು ಎತ್ತುತ್ತಲೇ ಹೋಗುತ್ತದೆ.

ಇದು ಪುಸ್ತಕದ ಬದನೆಕಾಯಿಯಲ್ಲ. ಅಮೆರಿಕದ ಶೆವರ್ಲೆ ಕಾರ್ವೇರ್ ಕಾರಿನ ಮೊದಲ ವರ್ಷಗಳ ಮಾದರಿಗಳಲ್ಲಿ ಇದೇ ಬಗೆಯ ಅಚ್ಚಿತ್ತು. ಎಂಜಿನ್ನು ಹಿಂದೆ ಇದ್ದುದರಿಂದ ಅಪಾಯ ಮತ್ತಷ್ಟು. 1965ರಲ್ಲಿ ರಾಲ್ಫ್ ನೇಡರ್ ಅದರ ಮೇಲೆ ಬರೆದ ಅಧ್ಯಾಯ ದೊಡ್ಡ ಕೋಲಾಹಲವೆಬ್ಬಿಸಿತು. ಆ ಕಾರಿನ ಮುಂದಿನ ಟಯರಿಗೆ 15 ಪೌಂಡು, ಹಿಂದಿನದಕ್ಕೆ 26 ಪೌಂಡು ಗಾಳಿ ಎಂದು ತಯಾರಕರು ವಿಧಿಸಿದ್ದರು. ಎಷ್ಟೋ ಮಂದಿ ನಾಲ್ಕಕ್ಕೂ ಒಂದೇ ಸಮ ತುಂಬಿಸಿ ಓಡಿಸುತ್ತಿದ್ದರು. ಟ್ರಯಂಫ್‌ನವರು 1970ರ ಸ್ಪಿಟ್‌ಫೈರಿನಲ್ಲಿ ಹಿಂದಿನ ಸ್ಪ್ರಿಂಗನ್ನು ಬದಲಾಯಿಸಿ ಈ ದೋಷವನ್ನು ಬಹುಮಟ್ಟಿಗೆ ಪಳಗಿಸಿದರು. ನಮ್ಮ ಮದ್ರಾಸಿನವರು 1970ರ ದಶಕದ ಗೆಜೆಲ್ ಕಾರಿನಲ್ಲಿ ಅರ್ಧ ಅಚ್ಚುಗಳನ್ನೇ ಕೈಬಿಟ್ಟು ಅಖಂಡ ಅಚ್ಚು ಹಾಕಿದರು.

ಇನ್ನೊಂದು ವಿಚಿತ್ರವನ್ನೂ ಹುಡುಗನಿಗೆ ಹೇಳಿದೆ. ನಾಲ್ಕು ಜನ ತುಂಬಿ ಕುಳಿತರೆ ಕಾರಿನ ಹಿಂಭಾಗ ತಗ್ಗುತ್ತದೆ, ಗಾಲಿಗಳು ಕಾಲಗಲಿಸಿ ಭದ್ರವಾಗಿ ನಿಲ್ಲುತ್ತವೆ. ಒಬ್ಬನೇ ಕುಳಿತಾಗ ಹಿಂಭಾಗ ಎತ್ತರದಲ್ಲಿರುತ್ತದೆ. ಅಂದರೆ ಅಜ್ಜಿಯನ್ನು ಕೂರಿಸಿಕೊಂಡು ಮಾಗಡಿಗೆ ಹೋಗುವುದಕ್ಕಿಂತ, ಅವನೊಬ್ಬನೇ ರಾತ್ರಿ ಕೆಂಗೇರಿ ದಾಟಿ ಕಾರಿನ ಗತ್ತು ನೋಡಲು ಹೊರಡುವುದೇ ಹೆಚ್ಚು ಅಪಾಯ. ಅವನ ತಂದೆ ಮಗನ ಮುಖ ನೋಡಿದ. ಮಗ ಕ್ಯಾಲೆಂಡರಿನ ಹಾಳೆ ನೋಡುತ್ತಿದ್ದ.

ಹಾಗಾದರೆ ಹಾಕುವುದು ಯಾವುದನ್ನು? ಕ್ರಾಸ್‌ಪ್ಲೈ ಟಯರಿನಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುತ್ತವೆ. ಪಕ್ಕವೂ ತಳವೂ ಒಟ್ಟೊಟ್ಟಿಗೆ ಅಲುಗುತ್ತವೆ. ಫ್ರಾನ್ಸಿನ ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ಲಿನಲ್ಲಿ ಅವು ಅಂಚಿನಿಂದ ಅಂಚಿಗೆ ನೇರವಾಗಿರುತ್ತವೆ, ತಳಕ್ಕೆ ಪ್ರತ್ಯೇಕ ಬಿಗಿಪಟ್ಟಿ. ಮಳೆ ಬಿದ್ದ ರಸ್ತೆಯಲ್ಲಿ ಎರಡನೆಯದೇ ಮೇಲು, ಅನುಮಾನವಿಲ್ಲ. ಬೇಕಾದದ್ದು ರೇಡಿಯಲ್ಲೇ, ಆದರೆ ಸಪೂರದ್ದು: 145/80 ಆರ್13. ಲೆಕ್ಕ ಹಾಕಿದರೆ ಇದರ ಎತ್ತರ 562 ಮಿಲಿಮೀಟರು, ಹಳೆಯದಕ್ಕೆ ಹೆಚ್ಚುಕಡಿಮೆ ಸಮೀಪ. ಹೆರಾಲ್ಡಿನ ಮೂಲ ರಿಮ್ಮಿನ ಅಗಲ ಮೂರೂವರೆ ಅಂಗುಲ. ಹುಡುಗ ಬಯಸಿದ 185ಕ್ಕೆ ಕನಿಷ್ಠ ಐದು ಬೇಕು. ಸ್ಪಿಟ್‌ಫೈರಿಗೂ ಬಹುಕಾಲ ಹಾಕುತ್ತಿದ್ದುದು 145 ಅಗಲದ ರೇಡಿಯಲ್ಲನ್ನೇ ಎಂದು ತಿಳಿದ ಮೇಲೆ ಅವನ ವಂಶಾಭಿಮಾನಕ್ಕೂ ಸಮಾಧಾನವಾಯಿತು. ಟಯರಿನ ಮೇಲಿನ 75 ಎಂಬ ಅಂಕಿ ಒಂದೊಂದೂ 387 ಕಿಲೋ ಹೊರುತ್ತದೆಂದು ಹೇಳುತ್ತದೆ. ಕಾರೇ ಸುಮಾರು 800 ಕಿಲೋ. 'ಟಿ' ಎಂಬ ಅಕ್ಷರ ಗಂಟೆಗೆ 190 ಕಿಲೋಮೀಟರು ತಾಳುವ ಗುರುತು, 948 ಸಿ.ಸಿ.ಯ ಎಂಜಿನ್ನಿಗೆ ಅಷ್ಟು ಸಾಕೋ ಸಾಕು. ತಮಾಷೆಯೆಂದರೆ, ಇದಕ್ಕಾಗಿ ಜೆ.ಸಿ. ರಸ್ತೆಗೂ ಹೋಗಬೇಕಿರಲಿಲ್ಲ. 2022ರ ಆಲ್ಟೋ ಕೆ10 ಕಾರಿಗೆ ಇದೇ ಅಳತೆ. ವಿಜಯನಗರದ ಸಾಧಾರಣ ಅಂಗಡಿಯಲ್ಲೇ ಸಿಕ್ಕಿತು.

ಹಳೆಯ ರಿಮ್ಮಿನ ಅಂಚಿನಲ್ಲಿ ಟ್ಯೂಬ್‌ಲೆಸ್ ಟಯರನ್ನು ಹಿಡಿದಿಡುವ ಉಬ್ಬು ಇಲ್ಲದ್ದರಿಂದ ಒಳಗೆ ಟ್ಯೂಬು ಹಾಕಿಸಿದೆವು. ಟಯರುಗಳು ನಾಲ್ಕಲ್ಲ, ಐದು. ಸ್ಟೆಪ್ನಿಗೆ ಹಳೆಯ ಕ್ರಾಸ್‌ಪ್ಲೈ ಇಟ್ಟುಕೊಂಡು, ಎಂದೋ ಒಮ್ಮೆ ಅದನ್ನು ಹಿಂದಕ್ಕೆ ಹಾಕಿ ಮುಂದೆ ರೇಡಿಯಲ್ ಉಳಿದರೆ ಅದಕ್ಕಿಂತ ಕೆಟ್ಟ ಜೋಡಿಯಿಲ್ಲ. (ಸ್ಟೆಪ್ನಿ ಎಂಬ ಮಾತು ವೇಲ್ಸಿನ ಲಾನೆಲಿ ಊರಿನ ಬೀದಿಯೊಂದರ ಹೆಸರು, ಅಲ್ಲಿ ಬಿಡಿಗಾಲಿ ತಯಾರಿಸುತ್ತಿದ್ದರು. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಅದು ಇನ್ನೂ ಬದುಕಿದೆ.) ಗಾಳಿಯನ್ನು ಕೈಪಿಡಿಯಂತೆ ಹಿಂದೆ ಹೆಚ್ಚು, ಮುಂದೆ ಕಡಿಮೆ ತುಂಬಿಸಿ, ಆ ಅಂಕಿಗಳನ್ನು ಹುಡುಗನ ಕೈಯಿಂದಲೇ ಬರೆಸಿ ಬಾಗಿಲಿನ ಒಳಬದಿಗೆ ಅಂಟಿಸಿದ್ದಾಯಿತು.

ಅಜ್ಜಿ ಮಾಗಡಿಗೆ ಹೋಗಿಬಂದರು. ದಾರಿಯುದ್ದಕ್ಕೂ ಮೊಮ್ಮಗನ ಚಾಲನೆ ಸಾವಧಾನವಾಗಿತ್ತೆಂದೂ, ಅವರ ಗಂಡ ಮಾತ್ರ ಹಿಂದೆ ಇದಕ್ಕಿಂತ ಜೋರಾಗಿ ಓಡಿಸುತ್ತಿದ್ದರೆಂದೂ ನನಗೆ ವರದಿ ಬಂತು.

ತೆಗೆದುಹಾಕಿದ ಟಯರುಗಳನ್ನು ಕೊಳ್ಳಲು ಒಬ್ಬ ಗುಜರಿಯವನು ಬಂದಿದ್ದನಂತೆ, ಬಟನ್ ಚೆನ್ನಾಗಿದೆಯೆಂದು. ಕೊಡಬೇಡ, ಕೊಡುವುದಾದರೂ ಪಕ್ಕೆಗಳನ್ನು ಗರಗಸದಿಂದ ಕೊಯ್ದೇ ಕೊಡು ಎಂದು ದೂರವಾಣಿಯಲ್ಲಿ ಹೇಳಿದೆ. ಇಲ್ಲವಾದರೆ ಕಪ್ಪು ಬಣ್ಣ ಬಳಿದುಕೊಂಡು ಅವು ಇನ್ನಾರದೋ ಗಾಡಿಗೆ ಏರುತ್ತವೆ. ಮರುದಿನ ಹುಡುಗ ಕೊಯ್ದ ಐದೂ ಟಯರುಗಳ ಚಿತ್ರ ಕಳುಹಿಸಿದ.