ನೆರಳಿನ ಸಾಕ್ಷ್ಯ

ಫೋಟೋಗ್ರಾಫಿನ ಪಟಕ್ಕೆ ನಮ್ಮವರು ಛಾಯಾಚಿತ್ರವೆಂದು ಹೆಸರಿಟ್ಟುದು ಬಹು ಸಾರ್ಥಕವಾಗಿದೆ. ಸೂರ್ಯನ ಪತ್ನಿ, ಕಾಂತಿ, ಪ್ರತಿಬಿಂಬ, ನೆರಳು ಎಂದು ಅಮರಸಿಂಹನು ಛಾಯಾಶಬ್ದಕ್ಕೆ ನಾಲ್ಕು ಅರ್ಥಗಳನ್ನು ಹೇಳಿರುವನು. ಈ ವಿದ್ಯೆಯ ಆದಿಚರಿತ್ರೆಯನ್ನು ಓದುವಾಗ ನಾಲ್ಕೂ ಇಲ್ಲಿ ಕೂಡಿಬಂದಿವೆಯೆಂದು ನನಗೆ ತೋರುವುದು.

ಮೊದಲು ಚಿತ್ರವಾದುದು ನಿಜವಾಗಿ ನೆರಳೇ. ಇಂಗ್ಲೆಂಡಿನ ಟಾಲ್ಬಟ್ ಎಂಬ ವಿದ್ವಾಂಸನು 1830ರ ದಶಕದಲ್ಲಿ, ಬೆಳ್ಳಿಯ ಲವಣವನ್ನು ಲೇಪಿಸಿದ ಕಾಗದದ ಮೇಲೆ ಗಿಡದ ಎಲೆಗಳನ್ನಿಟ್ಟು ಬಿಸಿಲಿಗೆ ಒಡ್ಡಿದನು. ಬಿಸಿಲು ತಾಗಿದೆಡೆ ಕಾಗದವು ಕಪ್ಪಾಯಿತು. ಎಲೆಯ ಮರೆಯಲ್ಲಿ ಬೆಳ್ಳಗೆ ಉಳಿಯಿತು. 1841ರಲ್ಲಿ ಆತನು ಕ್ಯಾಲೊಟೈಪ್ ಎಂಬ ಕ್ರಮಕ್ಕೆ ಪೇಟೆಂಟು ಪಡೆದನು. ಕಪ್ಪು ಬಿಳುಪುಗಳು ಅದಲುಬದಲಾದ ಒಂದು ಕಾಗದದ ಮೂಲಪ್ರತಿ, ಅದರಿಂದ ಬೇಕಾದಷ್ಟು ಚಿತ್ರಗಳು: ಇದೇ ಅದರ ಮರ್ಮ.

ಹದಿನೈದು ವರ್ಷಗಳಲ್ಲಿ ಈ ವಿದ್ಯೆಯು ನಮ್ಮ ತುಂಗಭದ್ರೆಯ ದಡವನ್ನು ಮುಟ್ಟಿತು. ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ, ಮೇಣವೂಡಿದ ದೊಡ್ಡ ದೊಡ್ಡ ಕಾಗದಗಳಲ್ಲಿ ಹಂಪೆಯನ್ನು ಹಿಡಿದನು. 1565ರಲ್ಲಿ ಹಾಳಾದ ಪಟ್ಟಣವು ಅಷ್ಟರಲ್ಲಿ ಸುಮಾರು ಮುನ್ನೂರು ವರ್ಷಗಳ ಮಳೆಬಿಸಿಲುಗಳನ್ನು ಕಂಡಿದ್ದಿತು. ಆ ಕಾಲದ ಕಾಗದಕ್ಕೆ ಬೆಳಕನ್ನು ಬಹಳ ಹೊತ್ತು ಊಡಬೇಕು. ಆದುದರಿಂದ ನಡೆದುಹೋದ ಮನುಷ್ಯನು ಅದರಲ್ಲಿ ನಿಲ್ಲನು; ಗಾಳಿಗೆ ಅಲುಗಿದ ಎಲೆಯು ಮಸುಕಾಗುವುದು. ಅಲುಗದೆ ನಿಂತ ಕಲ್ಲು ಮಾತ್ರ ಸ್ಪಷ್ಟವಾಗಿ ಮೂಡುವುದು.

ಆದರೆ ಆ ಕಲ್ಲಾದರೂ ಹಾಗೆಯೇ ನಿಂತಿತೆ? ವಿಠ್ಠಲಸ್ವಾಮಿಯ ಗುಡಿಯ ಮುಂದಿನ ಕಲ್ಲಿನ ರಥವನ್ನು ಅರಿಯದವರು ಯಾರು? 2017ರಿಂದ ಅದು 50 ರೂಪಾಯಿಯ ನೋಟಿನ ಮೇಲೆ ಮನೆಮನೆಗೂ ಬಂದಿದೆ. ವಾಸ್ತವದಲ್ಲಿ ಅದು ರಥಾಕಾರವಾದ ಗರುಡನ ಗುಡಿ. ನೋಟಿನಲ್ಲಿ ಅದರ ತಲೆ ಬರಿದಾಗಿದೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಾದರೋ ಅದರ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಅನಂತರ ಅದನ್ನು ತೆಗೆದರು. ಈ ನೆರಳೊಂದು ಉಳಿಯದಿದ್ದರೆ, ರಥವನ್ನು ಕಟ್ಟಿದಂದಿನಿಂದಲೂ ಅದು ಹೀಗೆಯೇ ಇದ್ದಿತೆಂದು ನಾವು ನಂಬಿಬಿಡುತ್ತಿದ್ದೆವು. ಕಲ್ಲು ಮರೆಸಿದುದನ್ನು ಕಾಗದವು ನೆನಪಿನಲ್ಲಿಟ್ಟಿತು! 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ನಡುವಣ ಕಾಲವು ಏನನ್ನು ಕೊಂಡೊಯ್ದಿತೆಂಬುದು ಕಣ್ಣಿಗೇ ಕಾಣುವುದು.

ನಮ್ಮ ಕವಿಗಳು ಪುರವರ್ಣನೆಗಳನ್ನು ಬೇಕಾದಷ್ಟು ಮಾಡಿರುವರು. ಮುಗಿಲನ್ನು ಮುಟ್ಟುವ ಗೋಪುರಗಳು ಅಲ್ಲಿ ಎಲ್ಲ ಊರುಗಳಿಗೂ ಉಂಟು. ಕಾವ್ಯಕ್ಕೆ ಅದು ಭೂಷಣವೇ. ಆದರೆ ಗೋಪುರಕ್ಕೆ ನಿಲೆಗಳೆಷ್ಟು, ಯಾವ ಮೂಲೆ ಬಿರಿದಿದ್ದಿತು ಎಂದು ಕೇಳುವವನಿಗೆ ಕಾವ್ಯವು ಪ್ರಮಾಣವಾಗಲಾರದು. ಛಾಯಾಚಿತ್ರಕ್ಕೆ ಉತ್ಪ್ರೇಕ್ಷೆ ತಿಳಿಯದು. ಬಿರುಕನ್ನೂ ಅದು ಶಿಖರದಷ್ಟೇ ಆದರದಿಂದ ಬರೆದಿಡುವುದು.

ಇದನ್ನು ಹೇಳುವುದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಗುಡಿಗೆ ಜೀರ್ಣೋದ್ಧಾರವಾಯಿತು. ಹಳೆಯ ಕಲ್ಲಿನ ಬಾಗಿಲುವಾಡವು ಹೋಗಿ, ನುಣುಪಾದ ಹೊಸ ಕಲ್ಲು ಬಂದಿತು. ಮೇಲಿನ ಪಟ್ಟಿಕೆಯಲ್ಲಿ ಗಜಲಕ್ಷ್ಮಿಯಿದ್ದಳೆಂದು ನಾನು ಹೇಳುವೆನು. ನನ್ನ ಸಮವಯಸ್ಕರೊಬ್ಬರು ಅಲ್ಲ, ಗಣಪತಿಯೆನ್ನುವರು. ತೀರ್ಪು ಕೊಡಲು ಒಂದು ಪಟವಿಲ್ಲ. ನಾವಿಬ್ಬರೂ ಕಣ್ಮರೆಯಾದ ಮೇಲೆ ಈ ವಿವಾದವೂ ಉಳಿಯದು. ಕಲ್ಲಿಗೆ ಅದು ಎರಡನೆಯ ಮರಣ.

ಗ್ರೀನ್‌ಲಾ ಬಿಸಿಲಿನಲ್ಲಿ ದೊಡ್ಡ ಪೆಟ್ಟಿಗೆಯನ್ನು ನಿಲ್ಲಿಸಿ, ಮೇಣದ ಕಾಗದಗಳೊಡನೆ ಹೆಣಗಿ ಪಡೆದುದನ್ನು ಇಂದು ನಮ್ಮ ಮಕ್ಕಳು ಕಿಸೆಯ ಫೋನಿನಿಂದ ಕ್ಷಣಮಾತ್ರದಲ್ಲಿ ಪಡೆಯಬಲ್ಲರು. ಹಳೆಯ ಗುಡಿಯನ್ನಾಗಲಿ, ಕಲ್ಯಾಣಿಯನ್ನಾಗಲಿ, ಅಶ್ವತ್ಥದ ಕಟ್ಟೆಯನ್ನಾಗಲಿ ಬಿಚ್ಚುವ ಮೊದಲು ನಾಲ್ಕು ದಿಕ್ಕುಗಳಿಂದಲೂ ಚಿತ್ರ ತೆಗೆದು, ಊರಿನ ಹೆಸರನ್ನೂ ದಿನಾಂಕವನ್ನೂ ಬರೆದು, ಗ್ರಂಥಾಲಯದಲ್ಲಿ ಒಂದು ಪ್ರತಿಯನ್ನು ಇರಿಸಲಿ. ಗುದ್ದಲಿಪೂಜೆಗೆ ಮುನ್ನ ಇದೂ ಒಂದು ವಿಧಿಯಾಗಬೇಕೆಂದು ನನ್ನ ಮತ.