ಪಿತ್ತಕೋಶದ ಲೆಕ್ಕಪತ್ರ

ಬೆಲೆ ಕೇಳದೆ ಕೊಳ್ಳುವ ಪದಾರ್ಥಗಳು ಲೋಕದಲ್ಲಿ ಬಹಳ ಇಲ್ಲ. ಬದನೆಕಾಯಿಗೂ ಕೇಳುತ್ತೇವೆ, ಬಂಗಾರಕ್ಕೂ ಕೇಳುತ್ತೇವೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಯು ಟವೆಲ್ಲಿನ ಕೆಳಗೆ ಕೈ ತೂರಿಸಿ, ಬೆರಳು ಹಿಡಿದು, ಎತ್ತಿನ ಬೆಲೆಯನ್ನು ಮುಟ್ಟಿ ತಿಳಿಸುತ್ತಾನೆ. ಸುತ್ತ ನಿಂತವರಿಗೆ ಅದು ಗುಟ್ಟು, ಕೊಳ್ಳುವವನಿಗೆ ಗುಟ್ಟಲ್ಲ. ಇಷ್ಟು ಬೆರಳು ಎಂದರೆ ಇಷ್ಟು ಸಾವಿರ. ಬೇಡವಾದರೆ ಕೈಯನ್ನು ಹಿಂದಕ್ಕೆಳೆದುಕೊಂಡು ಮುಂದಿನ ಜೋಡಿಯ ಬಳಿಗೆ ಹೋಗಬಹುದು. ಟವೆಲ್ಲಿನಷ್ಟು ಸೌಲಭ್ಯವೂ ಇಲ್ಲದ ಸಂತೆಯೊಂದಿದೆ. ಅದು ಖಾಸಗಿ ಆಸ್ಪತ್ರೆ. ಅಲ್ಲಿ ಕೊಳ್ಳುವವನಿಗೂ ಬೆಲೆ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಕೈಯನ್ನು ಹಿಂದಕ್ಕೆಳೆದುಕೊಳ್ಳುವ ಹಾಗಿಲ್ಲ, ಏಕೆಂದರೆ ಆ ಕೈಗೆ ಸೂಜಿ ಚುಚ್ಚಿ ಬಾಟಲಿಯನ್ನು ತೂಗುಹಾಕಿರುತ್ತಾರೆ.

ಇದನ್ನು ದ್ವೇಷದಿಂದ ಹೇಳುತ್ತಿದ್ದೇನೆಂದು ಓದುಗರು ಭಾವಿಸಬಾರದು. ನನ್ನಾಕೆಯ ಹೊಟ್ಟೆಯಿಂದ ಕಲ್ಲು ತುಂಬಿದ ಪಿತ್ತಕೋಶವನ್ನು ಹೊರತೆಗೆದ ವೈದ್ಯರ ಕೈ ಚಿನ್ನದಂಥ ಕೈ. ನಾಲ್ಕು ಸಣ್ಣ ರಂಧ್ರಗಳಿಂದ ಕೆಲಸ ಮುಗಿಸಿ, ಮೂರನೆಯ ದಿನ ಅವಳನ್ನು ಮನೆಗೆ ಕಳಿಸಿದರು. ಈಗ ಅವಳು ಹೋಳಿಗೆಯನ್ನು ನನ್ನ ಕಣ್ಣೆದುರಿಗೇ, ತುಪ್ಪ ಹಾಕಿಕೊಂಡು ತಿನ್ನುತ್ತಾಳೆ. ನನ್ನ ತಕರಾರು ಆ ಕೈಯ ಮೇಲಲ್ಲ, ಆ ಕೈಗೆ ಬೆಲೆ ಕಟ್ಟಿದ ರೀತಿಯ ಮೇಲೆ.

ನಮ್ಮೂರು ಜಡಿಗೇನಹಳ್ಳಿ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು. ಬೆಂಗಳೂರಿನಲ್ಲಿ ಮೂವತ್ತೈದು ವರ್ಷ ಕಾಗದ ಸವೆಸಿ, ನಿವೃತ್ತನಾದ ಮೇಲೆ ನಾನು ಅಣ್ಣನ ಮನೆಯ ಪಕ್ಕದಲ್ಲೇ ಎರಡು ಕೋಣೆ ಕಟ್ಟಿಸಿಕೊಂಡು ಅಲ್ಲಿಗೆ ಬಂದೆ. ಹೊಸಕೋಟೆಯೆಂದರೆ ಈಗಿನ ಬೆಂಗಳೂರಿಗರಿಗೆ ಕೋಟೆಯೂ ಅಲ್ಲ, ಕೆರೆಯೂ ಅಲ್ಲ, ಅವಿಮುಕ್ತೇಶ್ವರನೂ ಅಲ್ಲ, ಬಿರಿಯಾನಿ. ಭಾನುವಾರ ಕೋಳಿ ಕೂಗುವ ಮುಂಚೆಯೇ ಹಳೇ ಮದರಾಸು ರಸ್ತೆಯಲ್ಲಿ ಕಾರುಗಳಲ್ಲಿ ಬಂದು, ಚಳಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಸಸ್ಯಾಹಾರಿಯಾದ ನನಗೆ ಆ ರುಚಿ ಗೊತ್ತಿಲ್ಲ. ಆದರೆ ಆ ಸಾಲಿನ ಕಟ್ಟಕಡೆಯಲ್ಲಿ ನಿಂತವನಿಗೂ ಒಂದು ಪ್ಲೇಟಿಗೆ ಎಷ್ಟೆಂಬುದು ಗೊತ್ತಿರುತ್ತದೆ ಎಂಬುದನ್ನು ನಾನು ಹೊಟ್ಟೆಕಿಚ್ಚಿನಿಂದ ಗಮನಿಸಿದ್ದೇನೆ.

ಊರಿನಲ್ಲಿ ರಕ್ತದೊತ್ತಡದ ಮಾತ್ರೆಗೆ ಸರ್ಕಾರದ ಆರೋಗ್ಯ ಕೇಂದ್ರ ಸಾಕು. ಜ್ವರ ಏರಿದರೆ, ಕಾಲು ಮುರಿದರೆ ಹೊಸಕೋಟೆ. ಅಲ್ಲಿಂದ ಮುಂದಕ್ಕೆ ‘ತಜ್ಞ’ರ ರಾಜ್ಯ. ಈ ತಜ್ಞರ ವಿಷಯವಾಗಿ ಒಂದು ಮಾತು. ನಾನು ಹುಡುಗನಾಗಿದ್ದಾಗ ಡಾಕ್ಟರೆಂದರೆ ನೆತ್ತಿಯಿಂದ ಅಂಗಾಲಿನವರೆಗೆ ಒಬ್ಬನೇ ಡಾಕ್ಟರು. ಕಾಂಪೌಂಡರನು ಕೆಂಪು ಮಿಕ್ಸ್ಚರಿನ ಸೀಸೆಗೆ ಕಾಗದದ ಗುರುತು ಅಂಟಿಸಿ, ಮೂರು ಹೊತ್ತಿಗೆ ಎಂದು ಹೇಳಿ ಕೊಡುತ್ತಿದ್ದ. ಔಷಧಕ್ಕೂ ಬುದ್ಧಿವಾದಕ್ಕೂ ಸೇರಿ ಒಂದೇ ದುಡ್ಡು. ಡಾ. ಎಂ. ಶಿವರಾಂ ಅವರಂಥವರು ಬೆಂಗಳೂರಿನಲ್ಲಿ ರೋಗಿಗಳನ್ನು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ‘ರಾಶಿ’ಯಾಗಿ 1942 ರಿಂದ ‘ಕೊರವಂಜಿ’ಯನ್ನು ನಡೆಸಿ ಊರನ್ನೆಲ್ಲ ನಗಿಸಿದರು. ಈಗ ನಮ್ಮ ದೇಹವೂ ಅಣ್ಣತಮ್ಮಂದಿರ ಜಮೀನಿನಂತೆ ಪೋಡಿಯಾಗಿದೆ. ಜಠರ ಒಬ್ಬರದು, ಅದರ ಪಕ್ಕದ ಯಕೃತ್ತು ಇನ್ನೊಬ್ಬರದು, ನಡುವಿನ ಬದು ಯಾರದೆಂದು ತಿಳಿಯಲು ಸ್ಕ್ಯಾನಿಂಗ್ ಎಂಬ ಸರ್ವೆಯಾಗಬೇಕು. ಪೋಡಿಯಿಂದ ಲಾಭವಿಲ್ಲವೆನ್ನಲಾರೆ, ಹಳೆಯ ಕಾಲದಲ್ಲಿ ಕೆಂಪು ಮಿಕ್ಸ್ಚರು ಕುಡಿಯುತ್ತಲೇ ಕಣ್ಣುಮುಚ್ಚಿದವರು ಎಷ್ಟು ಮಂದಿಯೋ. ಆದರೆ ಪ್ರತಿಯೊಂದು ತುಂಡು ಜಮೀನಿಗೂ ಬೇರೆ ಬೇರೆ ಕಂದಾಯ.

ನನ್ನಾಕೆಗೆ ನೋವು ಬಂದಾಗ ಮೊದಲ ತಜ್ಞರ ಕಂದಾಯ 1,200 ರೂಪಾಯಿ. ಅವರು ಏಳು ನಿಮಿಷ ನೋಡಿ, ಇದು ತಮ್ಮದಲ್ಲವೆಂದು ಇನ್ನೊಬ್ಬರ ಬಳಿಗೆ ಕಳಿಸಿದರು. ಅವರದೂ 1,200. ವರದಿ ತೋರಿಸಲು ಎಂಟು ದಿನ ಬಿಟ್ಟು ಹೋದರೆ ಮತ್ತೆ 1,200. ಏಳು ದಿನದೊಳಗಾದರೆ ಪುಕ್ಕಟೆಯಂತೆ, ಆದರೆ ಡಾಕ್ಟರು ಆ ಏಳು ದಿನವೂ ರಜದಲ್ಲಿದ್ದರು. ಇದಾವುದನ್ನೂ ವಿಮಾ ಕಂಪನಿ ಕೊಡಲಿಲ್ಲ. ಆಸ್ಪತ್ರೆ ಸೇರುವುದಕ್ಕೆ ಮುಂಚಿನ ಮೂವತ್ತು ದಿನಗಳ ಖರ್ಚನ್ನು ಮಾತ್ರ ಅದು ಒಪ್ಪುತ್ತದೆ. ನಾವು ಹೋದದ್ದು ಅದಕ್ಕೂ ಹಿಂದಿನ ವಾರ. ರೋಗ ಪಂಚಾಂಗ ನೋಡಿಕೊಂಡು ಬರಲಿಲ್ಲ.

ವಿಮೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಮೆಡಿಕ್ಲೈಮ್ ಎಂಬ ಪಾಲಿಸಿ ಬಂದದ್ದು 1986 ರಲ್ಲಿ. ನಾನು ಇಪ್ಪತ್ತೆರಡು ವರ್ಷಗಳ ಹಿಂದೆ ಗಂಡಹೆಂಡಿರ ಹೆಸರಿನಲ್ಲಿ ಅಂಥದೊಂದನ್ನು ಮಾಡಿಸಿ, ಒಂದು ಕಂತೂ ತಪ್ಪದೆ ಕಟ್ಟಿಕೊಂಡು ಬಂದಿದ್ದೇನೆ. ವಿಮೆಯ ಮೊತ್ತ ಮೂರು ಲಕ್ಷ. ಈ ಇಪ್ಪತ್ತೆರಡು ವರ್ಷಗಳಲ್ಲಿ ನಾವು ಕಂಪನಿಯಿಂದ ಪಡೆದದ್ದು ಹೊಸ ವರ್ಷದ ಶುಭಾಶಯಗಳು ಮಾತ್ರ.

ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ತೀರ್ಮಾನವಾದ ದಿನ, ‘ಎಷ್ಟಾದೀತು?’ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. ‘ಯಾವ ರೂಮು ಸಾರ್?’ ಎಂದಳು. ನಾನು ಕೇಳಿದ್ದು ರೂಮಿನ ಬಾಡಿಗೆಯಲ್ಲ, ಆಪರೇಷನ್ನಿನ ದರ ಎಂದೆ. ‘ಅದೇ ಸಾರ್. ರೂಮಿನ ಮೇಲೆ ಹೋಗುತ್ತೆ’ ಎಂದಳು.

ಸ್ವಾಮಿ, ಇದನ್ನು ಒಮ್ಮೆ ನಿಧಾನವಾಗಿ ಆಲೋಚಿಸಿ ನೋಡಿ. ಕತ್ತಿ ಅದೇ, ಕತ್ತಿ ಹಿಡಿಯುವ ಕೈ ಅದೇ, ದೀಪ ಅದೇ, ಮೇಜು ಅದೇ. ರೋಗಿ ಎಚ್ಚರ ತಪ್ಪಿ ಮಲಗಿರುತ್ತಾಳೆ. ಆದರೆ ಆಮೇಲೆ ಅವಳು ಕಣ್ಣು ತೆರೆದಾಗ ಒಬ್ಬಳೇ ಇರುತ್ತಾಳೆಯೇ, ಪರದೆಯಾಚೆ ಇನ್ನೊಬ್ಬಳು ನರಳುತ್ತಿರುತ್ತಾಳೆಯೇ ಎಂಬುದರ ಮೇಲೆ ಶಸ್ತ್ರವೈದ್ಯರ ಶುಲ್ಕ, ಅರಿವಳಿಕೆ ವೈದ್ಯರ ಶುಲ್ಕ, ದಾದಿಯ ಶುಲ್ಕ, ಎಲ್ಲವೂ ಏರುತ್ತದೆ, ಇಳಿಯುತ್ತದೆ. ಮದುವೆ ಮಂಟಪದ ಬಾಡಿಗೆಗೆ ತಕ್ಕಂತೆ ಪುರೋಹಿತರು ದಕ್ಷಿಣೆ ಕೇಳಿದರೆ ನಾವು ಊರೆಲ್ಲ ಹೇಳಿಕೊಂಡು ನಗುತ್ತೇವೆ.

ನಮ್ಮ ಪಾಲಿಸಿಯಲ್ಲಿ ಕೊಠಡಿಗೆ ದಿನಕ್ಕೆ ವಿಮಾ ಮೊತ್ತದ ಶೇಕಡಾ ಒಂದು, ಅಂದರೆ 3,000 ರೂಪಾಯಿ ಮಿತಿ. ಆ ದರದ ಕೊಠಡಿ ಆ ರಾತ್ರಿ ಖಾಲಿ ಇರಲಿಲ್ಲ. ಇದ್ದದ್ದು 6,000 ದ್ದು. ನನ್ನಾಕೆ ಬೆಂಚಿನ ಮೇಲೆ ಮಡಿಚಿಕೊಂಡು ಕುಳಿತು ಹಲ್ಲು ಕಚ್ಚುತ್ತಿದ್ದಳು. ವಿಮೆಯ ಮೇಜಿನಲ್ಲಿದ್ದ ಹುಡುಗಿ, ‘ಡಿಫರೆನ್ಸ್ ಮಾತ್ರ ನೀವು ಕಟ್ಟಬೇಕಾಗುತ್ತೆ ಅಂಕಲ್’ ಎಂದು ಒಂದು ಚೀಟಿಯ ಮೇಲೆ ಲೆಕ್ಕ ಬರೆದು ಕೊಟ್ಟಳು. ದಿನಕ್ಕೆ 3,000, ಮೂರು ದಿನಕ್ಕೆ 9,000. ದುಂಡಗಿನ, ಮುದ್ದಾದ ಅಕ್ಷರ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಮೂರನೆಯ ದಿನ ಬಂದ ಬಿಲ್ಲು 1,85,000. ವಿಮಾ ಕಂಪನಿ ಮಂಜೂರು ಮಾಡಿದ್ದು 1,13,000. ನಾನು ಕಟ್ಟಬೇಕಾದದ್ದು ಒಂಬತ್ತು ಸಾವಿರವಲ್ಲ, 72,000. ಅದರಲ್ಲಿ ಒಂಬತ್ತು ಸಾವಿರವೇನೋ ಇತ್ತು: ಗವಸು, ಹತ್ತಿ ಮೊದಲಾದ, ಕಂಪನಿ ಒಪ್ಪದ ಸಾಮಾನುಗಳ ಬಾಬ್ತು. ಉಳಿದ 63,000 ಎಲ್ಲಿಂದ ಬಂತು?

ಅದು ಬಂದದ್ದು ಹೀಗೆ. ಕೊಠಡಿಯ ಮಿತಿ ಮೂರು ಸಾವಿರ, ನಾವು ಮಲಗಿದ್ದು ಆರು ಸಾವಿರದಲ್ಲಿ. ಅಂದರೆ ನಾವು ಅರ್ಧಕ್ಕೆ ಅರ್ಹರು. ಆದ್ದರಿಂದ ಔಷಧಿ ಮತ್ತು ಪರೀಕ್ಷೆಗಳನ್ನು ಬಿಟ್ಟು ಕೊಠಡಿಯ ದರ್ಜೆಗೆ ಅಂಟಿಕೊಂಡ ಎಲ್ಲವನ್ನೂ ಕಂಪನಿ ಅರ್ಧಕ್ಕೆ ಕತ್ತರಿಸುತ್ತದೆ. ಶಸ್ತ್ರವೈದ್ಯರ 55,000 ದಲ್ಲಿ ಅರ್ಧ, ಅರಿವಳಿಕೆಯ 16,500 ರಲ್ಲಿ ಅರ್ಧ, ಆಪರೇಷನ್ ಕೊಠಡಿಯ 30,000 ದಲ್ಲಿ ಅರ್ಧ. ಇದಕ್ಕೆ ಪ್ರಮಾಣಾನುಸಾರ ಕಡಿತವೆಂದು ಹೆಸರು. ಹೆಸರು ಕೇಳಿದರೆ ತ್ರೈರಾಶಿಯಂತೆ ನ್ಯಾಯವಾಗಿಯೇ ಕಾಣುತ್ತದೆ. ಗುಮಾಸ್ತೆಯಾಗಿ ಬಾಳಿದವನು ನಾನು, ತ್ರೈರಾಶಿಗೆ ಹೆದರುವವನಲ್ಲ. ಹತ್ತು ದಿನ ಬಿಟ್ಟು ಆಸ್ಪತ್ರೆಗೆ ಹೋಗಿ, ಅದೇ ಶಸ್ತ್ರಕ್ರಿಯೆಗೆ ಮೂರು ಸಾವಿರದ ಕೊಠಡಿಯಲ್ಲಿ ಶಸ್ತ್ರವೈದ್ಯರ ಶುಲ್ಕವೆಷ್ಟು ಎಂದು ಕೇಳಿದೆ. ಮೂರು ಮೇಜು ತಿರುಗಿದ ಮೇಲೆ ಒಬ್ಬ ಪುಣ್ಯಾತ್ಮರು ಕಂಪ್ಯೂಟರು ನೋಡಿ ಹೇಳಿದರು: 44,000. ಅಂದರೆ ಕೊಠಡಿಯ ಬಾಡಿಗೆ ಎರಡರಷ್ಟಾದರೆ ಕತ್ತಿಯ ಬಾಡಿಗೆ ಆಗುವುದು ಒಂದೂಕಾಲರಷ್ಟು ಮಾತ್ರ. ಮೇಲಿನ ಕೊಠಡಿಯಿಂದಾಗಿ ಹೆಚ್ಚಿದ್ದು 11,000. ಕಂಪನಿ ಕತ್ತರಿಸಿದ್ದು 27,500. ನಡುವಿನ 16,500 ಯಾವ ನ್ಯಾಯಕ್ಕೆ ಸೇರಿದ್ದು?

ಆಸ್ಪತ್ರೆಗಳು ದರಪಟ್ಟಿಯನ್ನು ಫಲಕದಲ್ಲಿ ಹಾಕಬೇಕು, ಇಲ್ಲವೇ ಪುಸ್ತಿಕೆಯಲ್ಲಿ ಕೊಡಬೇಕು ಎಂದು ನಮ್ಮ ರಾಜ್ಯದಲ್ಲಿ ಕಾನೂನಿಲ್ಲದೆ ಇಲ್ಲ. 2007 ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವೇ ಅದನ್ನು ಹೇಳುತ್ತದೆ. 2017 ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಅವರು ಇನ್ನೂ ಮುಂದಕ್ಕೆ ಹೋಗಿ, ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿಮಾಡುವ ತಿದ್ದುಪಡಿ ತಂದರು. ನವೆಂಬರಿನಲ್ಲಿ ಖಾಸಗಿ ವೈದ್ಯರು ಕೆಲಸ ನಿಲ್ಲಿಸಿ ಬೆಳಗಾವಿಗೆ ಹೋದರು. ರಾಜ್ಯದ ಉದ್ದಗಲಕ್ಕೂ ರೋಗಿಗಳು ಮುಚ್ಚಿದ ಬಾಗಿಲುಗಳ ಮುಂದೆ ನಿಂತರು. ಕೊನೆಗೆ ಪಾಸಾದ ಮಸೂದೆಯಲ್ಲಿ ಸರ್ಕಾರದ ಯೋಜನೆಗಳ ರೋಗಿಗಳಿಗೆ ಮಾತ್ರ ದರ ನಿಗದಿ ಉಳಿಯಿತು. ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯುವಂತಿಲ್ಲ ಎಂಬ ಮಾತು ಸೇರಿತು, ದೊಡ್ಡ ಉಪಕಾರವೇ. ಬದುಕಿ ಹೊರಬರುವವನ ಕೈಚೀಲದ ವಿಷಯ ಹಾಗೆಯೇ ಉಳಿಯಿತು.

ವೈದ್ಯಕೀಯಕ್ಕೆ ಬೆಲೆ ಕಟ್ಟಲಾಗದು ಎನ್ನುತ್ತಾರೆ. ಅದೇ 2017 ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟಿಗೆ ಬೆಲೆ ಕಟ್ಟಿತು. ಲಕ್ಷ ರೂಪಾಯಿ ಮೀರಿ ಮಾರುತ್ತಿದ್ದ ಔಷಧ ಲೇಪಿತ ಸ್ಟೆಂಟು, ತೆರಿಗೆ ಬಿಟ್ಟು, ಮೂವತ್ತು ಸಾವಿರದೊಳಕ್ಕೆ ಇಳಿಯಿತು. ಆಕಾಶ ಕಳಚಿ ಬೀಳಲಿಲ್ಲ.

ನಮ್ಮ ಅಣ್ಣನ ಕಥೆ ಬೇರೆ. ಅವನು ಹಾಲಿನ ಸಂಘದ ಸದಸ್ಯ. ಸಹಕಾರಿಗಳಿಗಾಗಿ 2003 ರಲ್ಲಿ ಶುರುವಾಗಿ, 2018 ರಲ್ಲಿ ನಿಂತು, 2023 ರ ಜನವರಿಯಿಂದ ಮತ್ತೆ ಜೀವ ಪಡೆದ ಯಶಸ್ವಿನಿ ಯೋಜನೆಗೆ ಅವನು ಮನೆಯ ನಾಲ್ವರಿಗೆ ಸೇರಿ ವರ್ಷಕ್ಕೆ 500 ರೂಪಾಯಿ ಕಟ್ಟಿದ್ದಾನೆ. ಐದು ಲಕ್ಷದವರೆಗೆ ರಕ್ಷಣೆ. ಹೋದ ವರ್ಷ ಅವನ ಹರ್ನಿಯಾ ಆಪರೇಷನ್ ಆಯಿತು. ಯಾವ ಚಿಕಿತ್ಸೆಗೆ ಎಷ್ಟೆಂದು ಯೋಜನೆಯವರೇ ಮೊದಲೇ ಪಟ್ಟಿ ಮಾಡಿಟ್ಟಿದ್ದಾರೆ. ಅವನು ಸಾಮಾನ್ಯ ವಾರ್ಡಿನಲ್ಲಿ ಮಲಗಿ, ಪಕ್ಕದ ಹಾಸಿಗೆಯ ಮಾಲೂರಿನವನೊಡನೆ ಟೊಮೊಟೊ ಧಾರಣೆ ಚರ್ಚಿಸಿ, ರುಜು ಹಾಕಿ ಮನೆಗೆ ಬಂದ. ಹಾಗೆಂದು ಅದು ಕಾಮಧೇನುವೇನೂ ಅಲ್ಲ. ಪಟ್ಟಿಯಲ್ಲಿಲ್ಲದ ರೋಗ ಬಂದವರು ಬರಿಗೈಯಲ್ಲಿ ಹಿಂದಿರುಗಿದ್ದಾರೆ. ಯೋಜನೆಯ ದರ ಸಾಲದೆಂದು ಮುಖ ತಿರುಗಿಸುವ ಆಸ್ಪತ್ರೆಗಳೂ ಇವೆ. ಬಿ.ಪಿ.ಎಲ್. ಚೀಟಿಯವರಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಐದು ಲಕ್ಷ ಉಂಟು. ನನ್ನಂಥ ಎ.ಪಿ.ಎಲ್. ಚೀಟಿಯವನಿಗೆ ಯೋಜನೆಯ ದರದಲ್ಲಿ ಶೇಕಡಾ 30, ಅದೂ ಸರ್ಕಾರಿ ಆಸ್ಪತ್ರೆಯಿಂದ ಕಾಗದ ತಂದರೆ. ಹಣವಂತನಿಗೆ ಬಿಲ್ಲಿನ ಚಿಂತೆಯಿಲ್ಲ. ನಡುವಿನವನಿಗೆ ಪಾಲಿಸಿ ಇದೆ.

ವೈದ್ಯರ ಪಕ್ಷವನ್ನೂ ಹೇಳದಿದ್ದರೆ ತಪ್ಪಾದೀತು. ಹೊಲಿಗೆ ತೋರಿಸಲು ಹೋದಾಗ ನಮ್ಮ ಶಸ್ತ್ರವೈದ್ಯರ ಮುಂದೆ ಬಿಲ್ಲನ್ನು ಹರಡಿದೆ. ಅವರು ಕನ್ನಡಕ ಏರಿಸಿ, ತಮ್ಮ ಹೆಸರಿನ ಮುಂದಿದ್ದ ಮೊತ್ತವನ್ನು ನನ್ನಷ್ಟೇ ಆಶ್ಚರ್ಯದಿಂದ ಓದಿದರು. ‘ಇದೆಲ್ಲ ನನಗೆ ಬರುತ್ತೆ ಅಂದುಕೊಂಡಿರಾ?’ ಎಂದು ನಕ್ಕರು. ಎಷ್ಟು ಬರುತ್ತದೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹನ್ನೆರಡು ವರ್ಷ ಓದಿ, ಮಧ್ಯರಾತ್ರಿ ಎದ್ದು ಬಂದು, ಒಂದು ನೂಲೆಳೆ ತಪ್ಪಿದರೆ ಪ್ರಾಣ ಹೋಗುವ ಕೆಲಸವನ್ನು ಮಾಡುವವರಿಗೆ ಕೈತುಂಬ ಕೊಡುವುದು ನ್ಯಾಯ. ಕೊಡುವೆನೆಂದು ನಾನೂ ಸಿದ್ಧನಿದ್ದೆ. 44,000 ಎಂದು ಮೊದಲೇ ಹೇಳಿದ್ದರೆ ತೃಪ್ತಿಯಿಂದಲೇ ಕೊಡುತ್ತಿದ್ದೆ. ನನ್ನನ್ನು ಕುಟುಕಿದ್ದು 72,000 ವೂ ಅಲ್ಲವೆಂದು ಈಗ ತೋರುತ್ತದೆ. ದುಂಡಗಿನ ಅಕ್ಷರದ ಆ ಒಂಬತ್ತು ಸಾವಿರ.

ವಿಮಾ ಕಂಪನಿಗೆ ಕಾಗದ ಬರೆದೆ. ಕೊಠಡಿಯ ದರ್ಜೆಗೆ ತಕ್ಕಂತೆ ದರ ಬದಲಾಯಿಸದ ಆಸ್ಪತ್ರೆಗಳಲ್ಲಿ ಇಂಥ ಕಡಿತ ಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರವೇ ಹೇಳಿರುವಾಗ, ಕಾಲು ಭಾಗ ಬದಲಾದ ಕಡೆ ಅರ್ಧ ಕತ್ತರಿಸುವುದು ಹೇಗೆ ಎಂದು ಕೇಳಿದೆ. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂದು ಉತ್ತರ ಬಂತು. ಕೆಳಗೆ ಪಾಲಿಸಿಯ ಷರತ್ತಿನ ಸಂಖ್ಯೆ. ಒಂದು ತಿಂಗಳು ಕಾದು, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಟ್ಟಿದ್ದೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋದರಾಯಿತು. ಎರಡು ದರಗಳನ್ನೂ ಅಕ್ಕಪಕ್ಕ ಬರೆದು, ಚೀಟಿಯ ನಕಲು ಲಗತ್ತಿಸಿದ್ದೇನೆ. ವಿಚಾರಣೆಯ ದಿನ ಇನ್ನೂ ಗೊತ್ತಾಗಿಲ್ಲ.

ಅಷ್ಟರಲ್ಲಿ ಪಾಲಿಸಿ ನವೀಕರಣದ ನೋಟೀಸು ಬಂದಿದೆ. 2025 ರ ಸೆಪ್ಟೆಂಬರ್ 22 ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18 ರ ತೆರಿಗೆ ಹೋಗಿದೆಯಷ್ಟೆ. ಹೋದ ಸಲ ತೆರಿಗೆ ಸೇರಿ 40,120 ಕಟ್ಟಿದ್ದೆ. ಈ ಸಲ ತೆರಿಗೆಯ ಕಾಲಂನಲ್ಲಿ ಸೊನ್ನೆ. ಮೂಲ ಕಂತು ಮಾತ್ರ 34,000 ದಿಂದ 37,400 ಕ್ಕೆ ಏರಿದೆ. ಕೊನೆಯ ದಿನ ಹದಿನೈದನೆಯ ತಾರೀಖು. ಕಟ್ಟುವುದೋ ಬಿಡುವುದೋ ಎಂದು ನಾನು ಜಗಲಿಯ ಮೇಲೆ ಕುಳಿತು ಲೆಕ್ಕ ಹಾಕುತ್ತಿದ್ದರೆ, ನನ್ನಾಕೆ ಒಳಗಿನಿಂದಲೇ ಕೂಗಿದಳು: ‘ಕಟ್ಟಿಬಿಡಿ. ಪಿತ್ತಕೋಶ ಒಂದೇ ಇತ್ತು, ಹೋಯಿತು. ಮಂಡಿ ಎರಡಿವೆ.’